ಖಾದರನ ಏಳು ನಿಮಿಷ

ಖಾದರ್ ಒಂದು ಹಳೆಯ ಕ್ಯಾಸೆಟ್ಟು ಬೇಕೆಂದು ನನ್ನ ಮನೆಗೆ ಬಂದಾಗ ನನಗೆ ಎಪ್ಪತ್ತೊಂದು ವರ್ಷ. ಇದಾಗಿ ಈಗ ಎರಡು ವರ್ಷವಾಯಿತು. ಅವನಿಗೆ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು, ಅದೂ ಬಹಳ ದಿನ ಇರುವುದಿಲ್ಲವೆಂದು ಕೊಪ್ಪಳದಲ್ಲಿ ತೋರಿಸಿದ ಡಾಕ್ಟರು ಹೇಳಿದ್ದರಂತೆ. ಉಳಿದಷ್ಟು ಕಿವಿಯಲ್ಲಿ ಅವನಿಗೆ ಒಂದು ಸಲ, ಒಂದೇ ಸಲ, ತಾನು ಹರೆಯದಲ್ಲಿ ಬಾರಿಸಿದ ಡ್ರಮ್ಮು ಕೇಳಬೇಕಾಗಿತ್ತು. ಏಳು ನಿಮಿಷದ ಡ್ರಮ್ಮು. ಅದನ್ನು ತುಂಬಿದ್ದು ಲೋಕದಲ್ಲೆಲ್ಲ ಒಂದೇ ಕ್ಯಾಸೆಟ್ಟಿನಲ್ಲಿ, ಆ ಕ್ಯಾಸೆಟ್ಟು ಇದ್ದದ್ದು ನನ್ನ ಟ್ರಂಕಿನಲ್ಲಿ.

ಕ್ಯಾಸೆಟ್ಟು ಇತ್ತು, ಡ್ರಮ್ಮು ಅದರಲ್ಲಿರಲಿಲ್ಲ. ಅದು ನನಗೆ ಗೊತ್ತಿತ್ತು. ಯಾಕೆ ಇರಲಿಲ್ಲ ಎನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು. ಇದನ್ನು ಇಲ್ಲಿಗೇ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇಲ್ಲದಿದ್ದರೆ ಈ ಮುದುಕಿ ಏನು ಒದರುತ್ತಾಳೆ ಎಂದು ನೀವು ಪುಟ ಮಗುಚುತ್ತೀರಿ.

ಗಂಗಾವತಿಯಲ್ಲಿ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ರೆಕಾರ್ಡಿಂಗ್ ಅಂಗಡಿ ಇತ್ತು. ಎಡಕ್ಕೊಂದು ಅಕ್ಕಿ ಗಿರಣಿ, ಬಲಕ್ಕೊಂದು ಅಕ್ಕಿ ಗಿರಣಿ, ನಡುವೆ ಹಾಡಿನ ಅಂಗಡಿ. ಅಂಥ ಜಾಗದಲ್ಲಿ ಹಾಡಿನ ಅಂಗಡಿ ಹಾಕಿದವರು ನನ್ನ ಗಂಡ. ಅವರ ಬುದ್ಧಿ ಇದರಲ್ಲೇ ಕಾಣುತ್ತದೆ. ಅವರು ತೀರಿಕೊಂಡ ಮೇಲೆ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಇಂಗ್ಲಿಷು ಕಂಡರೆ ಬೇಲಿಯ ಮುಳ್ಳು ಕಂಡಂತೆ ಸುತ್ತು ಹಾಕಿ ಹೋಗುತ್ತಿದ್ದೆ. ಕ್ಯಾಸೆಟ್ಟಿಗೆ ಹಣೆಗಿಡುವ ಬಣ್ಣದ ಟಿಕಳಿ ಅಂಟಿಸಿ ಗುರುತು ಇಟ್ಟುಕೊಂಡಿದ್ದೆ. ಕೆಂಪು ಟಿಕಳಿ ಸಿನಿಮಾ, ಹಸಿರು ಕವ್ವಾಲಿ, ಹಳದಿ ಭಕ್ತಿ. ಕರಿ ಟಿಕಳಿ ಮಾತ್ರ ಪರದೇಶಿ ಗದ್ದಲಕ್ಕೆ.

ಆ ಗದ್ದಲ ಬಂದದ್ದು ಹೊಳೆಯ ಕಡೆಯಿಂದ. ಹಾಳು ಗುಡಿ, ಬಂಡೆಗಲ್ಲು ನೋಡಲು ಬಂದು ಹೊಳೆದಂಡೆಯಲ್ಲಿ ತಿಂಗಳುಗಟ್ಟಲೆ ಉಳಿಯುವ ಪರದೇಶಿಗಳು ಸೆಲ್ಲು ಬೇಕೆಂದು, ರಿಪೇರಿ ಎಂದು ನಮ್ಮೂರಿಗೆ ಬರುತ್ತಿದ್ದರು. ಒಬ್ಬ ಉದ್ದ ಕೂದಲಿನವನ ಪುಟ್ಟ ಟೇಪು ಹಾಡನ್ನು ಎಳೆದೆಳೆದು ಹೇಳುತ್ತಿತ್ತು. ಅದರ ರಬ್ಬರ್ ಬೆಲ್ಟು ಬದಲಿಸಿ ಕೊಟ್ಟೆ. ಖುಷಿಯಾಗಿ ಐದು ಕ್ಯಾಸೆಟ್ಟು ನನ್ನ ಮುಂದಿಟ್ಟು ಕೈಮುಗಿದು ಹೋದ. ಒಂದು, ಅವರ ದೇಶದ ಯಾವುದೋ ದೊಡ್ಡ ಬ್ಯಾಂಡಿನ ಆಯ್ದ ಹಾಡುಗಳು. ಉಳಿದ ನಾಲ್ಕು, ಆ ಬ್ಯಾಂಡು ಒಡೆದ ಮೇಲೆ ನಾಲ್ವರೂ ಬೇರೆ ಬೇರೆ ಒಲೆ ಹೂಡಿ ಮಾಡಿಕೊಂಡದ್ದು ಎಂದು ಆಮೇಲೆ ಓದಬಲ್ಲವರು ಹೇಳಿದರು.

ಹೆಸರು ಓದಲು ಬಾರದ ನಾನು ಫೋಟೋ ನೋಡಿ ನಾಮಕರಣ ಮಾಡಿದೆ. ಹಾಡುವವನು ಚೀರಪ್ಪ. ಗಿಟಾರಿನವನು ತಂತೆಪ್ಪ. ದಪ್ಪ ತಂತಿಯ ಗಿಟಾರು ಹಿಡಿದು ಮೂಲೆಯಲ್ಲಿ ನಿಂತವನು ಗುಮ್ಮಪ್ಪ. ಡ್ರಮ್ಮಿನವನು ಬಡಿಯಪ್ಪ. ಮೊದಲ ದಿನ ಅವರ ಹಾಡು ಹಾಕಿದಾಗ ತುಂಬಿದ ತಾಮ್ರದ ಹಂಡೆ ಮೆಟ್ಟಿಲ ಮೇಲಿಂದ ಉರುಳಿದ ಹಾಗಾಯಿತು. ಬಂದ್ ಮಾಡಬೇಕೆಂದು ಎದ್ದವಳು ಮಾಡಲಿಲ್ಲ. ಎರಡೂ ಗಿರಣಿಗಳ ಸದ್ದಿನ ಮೇಲೆ ಕೇಳಿಸಿದ ಮೊಟ್ಟಮೊದಲ ಹಾಡು ಅದು. ಅಲ್ಲಿಯವರೆಗೆ ನಾನು ಹಾಕಿದ ಹಾಡನ್ನೆಲ್ಲ ಗಿರಣಿ ನುಂಗುತ್ತಿತ್ತು.

ಆಮೇಲೆ ಒಬ್ಬೊಬ್ಬರದೇ ಹಾಕಿ ಕೇಳಿದೆ. ಚೀರಪ್ಪನಿಗೆ ಈಗ ಸಾಕು ಎನ್ನುವವರು ಯಾರೂ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಚೀರಿದ್ದ. ತಂತೆಪ್ಪ ಹಗ್ಗ ಬಿಚ್ಚಿದ ಆಡಿನಂತೆ ಸಿಕ್ಕಸಿಕ್ಕ ಹೊಲಕ್ಕೆಲ್ಲ ಹೋಗಿ ಬಂದಿದ್ದ. ಬಡಿಯಪ್ಪ ತಾನೇ ಹಾಡಿದ್ದ. ಅದರ ಬಗ್ಗೆ ಮಾತಾಡದಿರುವುದು ಲೇಸು. ಗುಮ್ಮಪ್ಪ ಮಾತ್ರ, ಬ್ಯಾಂಡಿನಲ್ಲಿದ್ದಾಗ ಇದ್ದಾನೋ ಇಲ್ಲವೋ ಎನ್ನುವಂತಿದ್ದವನು, ತೊಟ್ಟಿಲು ತೂಗುವಂಥ ನಾಲ್ಕು ಹಾಡು ಹಾಡಿದ್ದ. ಹೊರಸು ಮುರಿದ ಮೇಲೆ ಒಬ್ಬೊಬ್ಬ ಒಂದೊಂದು ಕಾಲು ಮನೆಗೆ ಒಯ್ದಂತಿತ್ತು. ಕಾಲು ಗಟ್ಟಿಯಾಗಿಯೇ ಇತ್ತು. ಮಲಗಲು ಬರುತ್ತಿರಲಿಲ್ಲ.

ಈ ಐದು ಕ್ಯಾಸೆಟ್ಟು ಕೇಳಿ ಮೂವರು ಹುಡುಗರ ತಲೆ ಕೆಟ್ಟಿತು. ಬಟ್ಟೆ ಅಂಗಡಿಯವರ ಮಗ ವೀರೇಶ. ಮರಳಿ ಎಂಬ ಊರಿನ ಹತ್ತಿರ, ಗದ್ದೆ ಮಾಡಲು ವಲಸೆ ಬಂದವರ ಕ್ಯಾಂಪಿನ ತೆಲುಗು ಮನೆಯ ಶ್ರೀನು. ಎಡಗಡೆಯ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಖಾದರ್. ಖಾದರನ ಮನೆಯವರು ಮೊಹರಮ್ಮಿಗೆ ಹಲಗೆ ಬಾರಿಸುವವರು, ಅವನಿಗೆ ತಾಳ ತಾಯಿಯ ಹಾಲಿನಲ್ಲೇ ಬಂದಿತ್ತು. ಹಾಡಲು ವೀರೇಶ, ಗಿಟಾರಿಗೆ ಶ್ರೀನು, ಡ್ರಮ್ಮಿಗೆ ಖಾದರ್, ಮೂವರೂ ಕೂಡಿ ಬ್ಯಾಂಡು ಕಟ್ಟಿದರು. ‘ಗಿರಣಿ ಗುಡುಗು’ ಎಂದು ಹೆಸರಿಟ್ಟರು.

ಗಿಟಾರು ಎಲ್ಲಿಂದ ತರುವುದು? ಶ್ರೀನು ಕ್ಯಾಸೆಟ್ಟಿನ ಮೇಲಿದ್ದ ಫೋಟೋ ಹಿಡಿದು ಕಿನ್ನಾಳಕ್ಕೆ ಹೋದ. ಅಲ್ಲಿಯ ಗೊಂಬೆ ಮಾಡುವ ಹಿರಿಯರೊಬ್ಬರು ಫೋಟೋವನ್ನು ಮೇಲೆ ಕೆಳಗೆ ಮಾಡಿ ನೋಡಿ, ಗೊಂಬೆಯ ಹಗುರ ಕಟ್ಟಿಗೆಯಲ್ಲೇ ಕೆತ್ತಿ, ಕೆಂಪು ಬಳಿದು, ಅಂಚಿಗೆ ಬಂಗಾರದ ಬಳ್ಳಿ ಬರೆದರು. ಹೊಟ್ಟೆಯ ಮೇಲೆ ಎರಡು ಕಣ್ಣನ್ನೂ ಬರೆದರು.

“ಕಣ್ಣು ಯಾಕ್ರೀ ಇದಕ್ಕ?” ಎಂದು ಶ್ರೀನು ಕೇಳಿದನಂತೆ.

“ಕಣ್ಣು ಬರೀದ ನಮ್ಮ ಮನಿಯಿಂದ ಇಲ್ಲೀತನಕ ಏನೂ ಹೊರಗ ಹೋಗಿಲ್ಲ ತಮ್ಮಾ. ಕುಲ್ಡ ಮಾಲು ನಾ ಕೊಡಾಂಗಿಲ್ಲ,” ಎಂದರಂತೆ ಅವರು.

ಗೊಂಬೆ ಕಟ್ಟಿಗೆಯಲ್ಲಿ ಗಿಟಾರು ಮಾಡಬಾರದು ಎಂದು ಯಾರಿಗೂ ಗೊತ್ತಿರಲಿಲ್ಲ. ಒಳಗೆ ಮೈಕು ಕೂಡಿಸಿದ್ದ ಅದರ ತಂತಿ ಮೀಟಿ ಸ್ಪೀಕರಿನ ಮುಂದೆ ನಿಂತರೆ ಸಾಕು, ಅದು ಕರು ಕಳಕೊಂಡ ಎಮ್ಮೆಯಂತೆ ತಾನೇ ಊಳಿಡುತ್ತಿತ್ತು. ನಿಲ್ಲಿಸಲು ಬರದೆ ಶ್ರೀನು ಆ ಊಳನ್ನೇ ಹಾಡಿನಲ್ಲಿ ಸೇರಿಸಿಕೊಂಡ. ಕುಷ್ಟಗಿಯ ಒಂದು ಮದುವೆಯಲ್ಲಿ ಬಾರಿಸಿದಾಗ ಮದುಮಗಳ ಅಜ್ಜ ಎದ್ದು ಬಂದು, “ನಮ್ಮ ಮನ್ಯಾಗ ಯಾರಿಗೂ ದೆವ್ವ ಬಡದಿಲ್ಲೋ ಯಪ್ಪಾ, ನಿಲ್ಲಸ್ರಿ,” ಎಂದರು. ಯಲಬುರ್ಗಾದಲ್ಲಿ ಮಾತ್ರ ಜನ ಇನ್ನೊಂದು ಹಾಡು ಎಂದು ಕೂಗಿದರು. ಯಲಬುರ್ಗಾದವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ.

ಅವರ ಹಾಡುಗಳನ್ನು ತುಂಬಿದವಳು ನಾನು. ಅಂಗಡಿಯ ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಸೂರಿನವರೆಗೆ ತೌಡಿನ ಚೀಲ ಒಟ್ಟಿದೆವು. ತೌಡು ಸದ್ದನ್ನು ಕುಡಿಯುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಗಿರಣಿಯ ಪಕ್ಕ ಬದುಕಿದ್ದಕ್ಕೆ ತಿಳಿದಿತ್ತು. ತೌಡಿನ ಧೂಳಿಗೆ ಎಲ್ಲರಿಗೂ ಸೀನು. ‘ಕಾಲುವೆ ಬಂತು’ ಎಂಬ ಹಾಡಿನ ನಡುವೆ ವೀರೇಶ ಸೀನಿದ್ದು ಹಾಗೆಯೇ ಉಳಿದಿದೆ. ಕೇಳಿದವರು ಅದನ್ನೂ ಒಂದು ವರಸೆ ಎಂದುಕೊಂಡರು.

ಒಟ್ಟು ಒಂಬತ್ತು ಹಾಡು. ಎಂಟರಲ್ಲಿ ಮಾತಿತ್ತು. ಒಂಬತ್ತನೆಯದು ಖಾದರನೊಬ್ಬನದೇ ಡ್ರಮ್ಮು, ‘ಗಿರಣಿ ಚಾಲೂ’ ಎಂದು. ಬೆಳಗ್ಗೆ ಗಿರಣಿಯ ಪಟ್ಟಿ ತಿರುಗುವುದು, ನೆಲ್ಲು ಸುರಿಯುವುದು, ಹೊಟ್ಟು ಹಾರುವುದು, ಕೊನೆಗೆ ಒಂದೊಂದೇ ಗಾಲಿ ನಿಂತು ಗಿರಣಿ ಬಂದ್ ಆಗುವುದು, ಇಷ್ಟನ್ನೂ ಎರಡು ಕೈಯಲ್ಲಿ ಏಳು ನಿಮಿಷ ಬಾರಿಸಿದ. ಮುಗಿಸಿ ಎದ್ದಾಗ ಅವನ ಅಂಗಿಯ ಬೆನ್ನು ಹಿಂಡುವಷ್ಟು ನೆನೆದಿತ್ತು. ಕ್ಯಾಸೆಟ್ಟು ಹೊರತೆಗೆಸಿ ಅದರ ಬೆನ್ನಿನ ಚಕ್ಕೆಯನ್ನು ತನ್ನ ಸ್ಕ್ರೂಡ್ರೈವರಿನಿಂದ ತಾನೇ ಮುರಿದ. ಕ್ಯಾಸೆಟ್ಟು ಬಳಸಿದವರಿಗೆ ನೆನಪಿರಬಹುದು, ಆ ಪ್ಲಾಸ್ಟಿಕ್ ಚಕ್ಕೆ ಮುರಿದರೆ ಅದರ ಮೇಲೆ ಬೇರೆ ಏನೂ ತುಂಬಲು ಬರುವುದಿಲ್ಲ.

“ಇನ್ನ ಇದನ್ನ ದೇವರೂ ಅಳಸಾಂಗಿಲ್ಲ ನೀಲಕ್ಕಾ,” ಎಂದ.

ವರ್ಷ ಒಪ್ಪತ್ತಿನಲ್ಲಿ ವೀರೇಶನನ್ನು ಯಾರೋ ಶ್ರಾವಣದ ಭಜನೆಗೆ ಕರೆದರು. ಅಲ್ಲಿ ಅವನಿಗೆ ಶಾಲು ಹೊದಿಸಿದರು. ಶಾಲು ಹೊದ್ದವನು ಮತ್ತೆ ತೌಡಿನ ಕೋಣೆಗೆ ಬರುತ್ತಾನೆಯೇ? ಉಳಿದವರಿಬ್ಬರು ಮುಖ ಮುಖ ನೋಡಿಕೊಂಡು ಕೂತರು. ಬ್ಯಾಂಡು ಹೀಗೆ ತೂಗಾಡುತ್ತಿರುವಾಗ ಜನ ಬಂದು ಅವರ ಹಾಡಿನ ಕ್ಯಾಸೆಟ್ಟು ಕೊಡಿ ಎನ್ನುತ್ತಿದ್ದರು, ಅದರಲ್ಲೂ ನೆಲ್ಲಿನ ಲಾರಿಯವರು. ಆಗ ನಾನು ‘ಗಿರಣಿ ಗುಡುಗು: ಆಯ್ದ ಹಾಡುಗಳು’ ತೆಗೆದೆ. ಒಂಬತ್ತು ಹಾಡಿನಲ್ಲಿ ಆಯುವುದೇನು ಎಂದು ಕೇಳಬೇಡಿ. ಮುಂದೆ ಎರಡನೇ ಭಾಗವನ್ನೂ ಮೂರನೇ ಭಾಗವನ್ನೂ ತೆಗೆದೆ. ಅವೇ ಹಾಡು, ಹಿಂದು ಮುಂದು. ಪರದೇಶಿ ಬ್ಯಾಂಡಿನವರೂ ಇದನ್ನೇ ಮಾಡುತ್ತಾರೆಂದು ಆಮೇಲೆ ತಿಳಿದು ಸಮಾಧಾನವಾಯಿತು.

ಆಯುವುದೆಂದರೆ ಅಕ್ಕಿ ಹಸನು ಮಾಡಿದಂತೆ. ಯಾವುದು ಅಕ್ಕಿ, ಯಾವುದು ಹರಳು ಎಂದು ಹೇಳುವವಳು ಮೊರ ಹಿಡಿದವಳು. ಮೊರ ನನ್ನ ಕೈಯಲ್ಲಿತ್ತು. ವೀರೇಶನ ಹೊಸ ಭಜನೆಯೊಂದು ಊರಲ್ಲಿ ಬಹಳ ಓಡುತ್ತಿತ್ತು. ಅದನ್ನು ಸೇರಿಸಿದರೆ ಹೆಂಗಸರೂ ಒಯ್ಯುತ್ತಾರೆ ಅನಿಸಿತು. ಮಾರುವ ಪ್ರತಿಗಳನ್ನೆಲ್ಲ ತೆಗೆಯಬೇಕಾದ ಅಸಲು ಕ್ಯಾಸೆಟ್ಟಿನಲ್ಲಿ ಜಾಗ ಇರಲಿಲ್ಲ. ಖಾದರನ ಏಳು ನಿಮಿಷ ಕಣ್ಣಿಗೆ ಬಿತ್ತು. ಮಾತಿಲ್ಲ, ರಾಗವಿಲ್ಲ. ಗಂಗಾವತಿಯಲ್ಲಿ ಗಿರಣಿ ಸದ್ದು ಯಾವ ಕಿಟಕಿ ತೆರೆದರೂ ಪುಕ್ಕಟೆ ಸಿಗುತ್ತದೆ, ಅದನ್ನು ಕ್ಯಾಸೆಟ್ಟಿನಲ್ಲಿ ಯಾರು ಕೇಳುತ್ತಾರೆ? ಹೀಗೆ ಯೋಚಿಸಿದೆ. ಬೇರೆ ಊರಿನವಳಾಗಿದ್ದರೆ ಹೀಗೆ ಯೋಚಿಸುತ್ತಿರಲಿಲ್ಲವೇನೋ. ಮುರಿದ ಚಕ್ಕೆಯ ತೂತಿಗೆ ಬಸ್ಸಿನ ಟಿಕೀಟು ಮಡಚಿ ತುರುಕಿದೆ. ಹಾಗೆ ಮಾಡಿದರೆ ಟೇಪು ಮೋಸ ಹೋಗುತ್ತದೆ, ಮೇಲೆ ತುಂಬಲು ಬರುತ್ತದೆ. ಡ್ರಮ್ಮಿನ ಮೇಲೆ ಭಜನೆ ಹಾಕಿದೆ. ಕೈ ತಪ್ಪಿ ಆದದ್ದಲ್ಲ. ತಿಳಿದೇ ಮಾಡಿದೆ.

ಕ್ಯಾಸೆಟ್ಟು ಹೊರಬಂದ ವಾರಕ್ಕೆ ಖಾದರ್ ಅಂಗಡಿಗೆ ಬಂದ. ಗಿರಣಿಯಿಂದ ನೇರ ಬಂದಿದ್ದ, ಹುಬ್ಬಿನ ಮೇಲೆಲ್ಲ ತೌಡು.

“ನಂದು ಎಲ್ಲೈತಿ ಅಕ್ಕಾ?”

ನಾನು ಗಿರಾಕಿಗೆ ಕ್ಯಾಸೆಟ್ಟು ಸುತ್ತಿಕೊಡುತ್ತಿದ್ದೆ. ತಲೆ ಎತ್ತಲಿಲ್ಲ.

“ಶ್ರೀನು ತಗಿಸಿದನಾ? ಏಳು ನಿಮಿಷ ಡ್ರಮ್ಮು ಯಾರು ಕೇಳ್ತಾರ ಅಂತ ಅವತ್ತ ಎಲ್ಲಾರ ಮುಂದ ಅಂದಿದ್ದ. ಅವನದೇ ಕೆಲಸ ಹೌದಲ್ರಿ?”

“ನೀವು ನೀವು ನೋಡ್ಕೊಳ್ರಪಾ. ನನ್ನ ನಡುವ ಎಳೀಬ್ಯಾಡ್ರಿ,” ಎಂದೆ.

ಇಷ್ಟೇ ನಾನು ಹೇಳಿದ್ದು. ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಗಿರಾಕಿ ಚಕ್ಕೆ ಮುರಿದು ಕೊಟ್ಟ ಕ್ಯಾಸೆಟ್ಟನ್ನೇ ಅಳಿಸುವಾಕಿ ಎಂದು ಹೆಸರು ಬಂದರೆ ರೆಕಾರ್ಡಿಂಗ್ ಅಂಗಡಿಗೆ ಯಾರು ಬರುತ್ತಾರೆ? ಆ ಹೆದರಿಕೆ ಇತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಖಾದರ್ ಮರುದಿನವೇ ಕ್ಯಾಂಪಿಗೆ ಹೋಗಿ ಶ್ರೀನುವಿನ ಅಂಗಿ ಹಿಡಿದು ಜಗಳ ಮಾಡಿ ಬಂದ. ಶ್ರೀನು ನಾನಲ್ಲ ಎಂದನಂತೆ. ಯಾರು ನಂಬುತ್ತಾರೆ? ಬ್ಯಾಂಡು ಅಲ್ಲಿಗೆ ಮುಗಿಯಿತು. ಆಮೇಲೆ ಹೇಳುವುದಕ್ಕೆ ಏನು ಉಳಿಯಿತು ಎಂದು ನಾನು ಮುಚ್ಚಿದ ಬಾಯಿ ಮೂವತ್ತನಾಲ್ಕು ವರ್ಷ ತೆರೆಯಲಿಲ್ಲ.

ಮೂವರೂ ಬೇರೆ ಒಲೆ ಹೂಡಿದರು. ವೀರೇಶ ಎಂಟು ಹತ್ತು ಭಜನೆಯ ಕ್ಯಾಸೆಟ್ಟು ತೆಗೆದ. ಶಾಲುಗಳು ಒಂದು ಬೀರುವಿನಷ್ಟಾದವು. ಈಗ ಬೀದಿಗೆ ಬರುವ ಕಸದ ಗಾಡಿಯಲ್ಲಿ ಹಸಿ ಕಸ ಬೇರೆ ಹಾಕಿರಿ, ಒಣ ಕಸ ಬೇರೆ ಹಾಕಿರಿ ಎಂದು ರಾಗವಾಗಿ ಹಾಡುವುದು ಅವನದೇ ದನಿ. ನಗಬೇಡಿ. ದಿನಾ ಬೆಳಗ್ಗೆ ಇಡೀ ಊರಿನ ಹೆಂಗಸರು ಅವನ ಹಾಡಿಗೆ ಮನೆಯಿಂದ ಹೊರಗೆ ಓಡಿ ಬರುತ್ತಾರೆ. ಚೀರಪ್ಪನಿಗೂ ಈ ಭಾಗ್ಯ ಇರಲಿಕ್ಕಿಲ್ಲ.

ಶ್ರೀನು ಗದ್ದೆಗೆ ಹೋದ. ನೆಲ್ಲು ಹಾಲುಗಟ್ಟುವ ಹೊತ್ತಿಗೆ ಹಕ್ಕಿ ಮುತ್ತುತ್ತವೆ. ಬೇರೆಯವರು ಡಬ್ಬಿ ಬಡಿಯುತ್ತಾರೆ, ಪಟಾಕಿ ಹೊಡೆಯುತ್ತಾರೆ. ಇವನು ಬದುವಿನ ಮೇಲೆ ಸ್ಪೀಕರು ಇಟ್ಟು ಕಿನ್ನಾಳದ ಗಿಟಾರು ಮೀಟುತ್ತಾನೆ. ಅದು ಊಳಿಟ್ಟರೆ ಮೂರು ಗದ್ದೆಯ ಆಚೆಗೂ ಹಕ್ಕಿ ಇಳಿಯುವುದಿಲ್ಲ. ಸುತ್ತಲ ಗದ್ದೆಯವರು ಬಂದು, ಸೀನಪ್ಪಾ ನಮ್ಮ ಕಡೆಗೂ ಸ್ವಲ್ಪ ತಿರುಗಿಸು ಎನ್ನುತ್ತಾರೆ.

ಖಾದರ್ ಮದುವೆಯ ಬ್ಯಾಂಡಿನಲ್ಲಿ ಡೋಲು ಬಾರಿಸಿದ, ಮೊಹರಮ್ಮಿಗೆ ಹಲಗೆ ಬಾರಿಸಿದ, ಉಳಿದ ದಿನ ಗಿರಣಿಯಲ್ಲೇ ಇದ್ದ. ಯಾವ ಬೇರಿಂಗು ಸವೆದಿದೆ ಎಂದು ಬಾಗಿಲಲ್ಲಿ ನಿಂತೇ ಸದ್ದಿನ ಮೇಲೆ ಹೇಳುತ್ತಿದ್ದ. ಆ ಸದ್ದೇ ಅವನ ಕಿವಿ ತಿಂದದ್ದು.

ಹೀಗಿರುವಾಗ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ನನ್ನ ಮನೆಯ ಬಾಗಿಲಿಗೆ ಬಂದು ನಿಂತ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅವನ ತಲೆಗೂದಲು ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಕಿವಿ ಕೇಳದವರು ಮಾತಾಡುವಂತೆ ಇಡೀ ಓಣಿಗೆ ಕೇಳುವ ಹಾಗೆ ಮಾತಾಡಿದ.

“ಅಕ್ಕಾ! ಆಯ್ದ ಹಾಡಿನ ಅಸಲು ಕ್ಯಾಸೆಟ್ಟು ಇಟ್ಟೀರೇನು?”

“ಇರಬೇಕು,” ಎಂದೆ.

“ಆಂ?”

“ಐತಿ! ಐತಿ!”

“ಅದರಾಗ ನಂದು ಉಳದಿದ್ದರೂ ಉಳದಿರಬಹುದು. ಶ್ರೀನು, ಮಾರೋ ಕ್ಯಾಸೆಟ್ಟಿನಾಗ ತಗಿಸಿರಬಹುದು, ಅಸಲಿನಾಗ ಹ್ಯಾಂಗ ತಗಿಸ್ತಾನ? ಚಕ್ಕಿ ನಾನs ಮುರದೀನಿ.” ಅವನ ಮುಖದಲ್ಲಿ ಹೊಸ ಬಟ್ಟೆ ತೊಟ್ಟ ಕೂಸಿನ ಕಳೆ ಇತ್ತು. “ಈಗ ಈ ಕಿವಿಯಾಗ ದಪ್ಪ ಸದ್ದು ಅಷ್ಟs ಕೇಳ್ತಾವ. ಡ್ರಮ್ಮು ಕೇಳ್ತೈತಿ. ಮೊಮ್ಮಕ್ಕಳ ಮಾತು ಕೇಳಾಂಗಿಲ್ಲ. ಅದು ಹೋದ್ರ ಹೋಗ್ಲಿ, ಒಮ್ಮೆ ಇದನ್ನ ಕೇಳಿಬಿಡತೀನಿ.”

ಅಲ್ಲಿಯೇ ಹೇಳಬೇಕಾಗಿತ್ತು. ಹೇಳಲಿಲ್ಲ. ಒಳಗೆ ಹೋಗಿ ಕ್ಯಾಸೆಟ್ಟು ತಂದೆ, ಹಳೆಯ ಟೇಪು ತಂದೆ. ತಾನೇ ಹಾಕಿ ಕೇಳಲಿ, ಇಲ್ಲ ಎಂದು ತಿಳಿದು ಹೋಗಲಿ, ಕಾಲ ತಿಂದಿತು ಎಂದುಕೊಳ್ಳಲಿ ಎನ್ನುವುದು ನನ್ನ ಲೆಕ್ಕ. ಮುದುಕಿಯಾದರೆ ಬುದ್ಧಿ ಬರುತ್ತದೆ ಎನ್ನುವವರಿಗೆ ನನ್ನನ್ನು ತೋರಿಸಿರಿ.

ಅವನು ಟೇಪನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಸ್ಪೀಕರಿಗೆ ಎಡಗಿವಿ ಒತ್ತಿ ಕೂತ. ಎರಡನೇ ಮಗ್ಗಲು ಪೂರ್ತಿ ಕೇಳಿದ. ಶ್ರೀನುವಿನ ಊಳು ಬಂದಾಗ ಸಣ್ಣಗೆ ನಕ್ಕು, ಮತ್ತೆ ಜಗಳ ನೆನಪಾದಂತೆ ನಗು ನುಂಗಿದ. ಕೊನೆಯ ಹಾಡು ಬಂತು. ಡ್ರಮ್ಮಿನ ಜಾಗದಲ್ಲಿ ವೀರೇಶ ಭಜನೆ ಎತ್ತಿದ. ಖಾದರನ ಮುಖ ಒಂದೊಂದು ಸಾಲಿಗೂ ಇಳಿಯುತ್ತ ಹೋಯಿತು. ಆದರೂ ಕಿವಿ ತೆಗೆಯಲಿಲ್ಲ.

ಭಜನೆ ಮುಗಿದ ಕೂಡಲೇ ಟೇಪು ಬಂದ್ ಮಾಡುವುದು ನನ್ನ ಕೈಗೆ ಹತ್ತಿದ ರೂಢಿ. ಅವತ್ತೂ ಕೈ ಚಾಚಿದೆ. ಗುಂಡಿ ಅವನ ತೋಳಿನ ಕೆಳಗಿತ್ತು. ಆ ಭಜನೆ ಖಾದರನ ಡ್ರಮ್ಮಿಗಿಂತ ಸ್ವಲ್ಪ ಗಿಡ್ಡ. ಏಳು ನಿಮಿಷವನ್ನೂ ಮುಚ್ಚಿರಲಿಲ್ಲ, ಬಾಲ ಉಳಿದಿತ್ತು. ಎಷ್ಟಂತೀರಿ, ಹನ್ನೊಂದು ಸೆಕೆಂಡು. ಗಿರಣಿ ಬಂದ್ ಆಗುವ ಕೊನೆಯ ಪೆಟ್ಟುಗಳು. ಧಡ್, ಧಡ್… ಧಡ್… ಆಮೇಲೆ ಬರೀ ಟೇಪು ತಿರುಗುವ ಸದ್ದು.

“ಇದು ನಂದು!” ಎಂದು ಚೀರಿ ಎದ್ದ. ಟೇಪು ಕೆಳಗೆ ಬೀಳುವುದರಲ್ಲಿತ್ತು. “ಇದು ನಂದs! ಹಂಗಾದ್ರ ಮೊದಲೀಂದ ಇತ್ತು. ಇದರ ಮ್ಯಾಲೆ ಹಾಡು ಹಾಕ್ಯಾರ!”

ಕ್ಯಾಸೆಟ್ಟು ಹೊರತೆಗೆದು ಬೆನ್ನು ನೋಡಿದ. ಮಡಚಿದ ಟಿಕೀಟು ಇನ್ನೂ ತೂತಿನಲ್ಲಿ ಇತ್ತು. ಫಿಟ್ಟರನ ಬೆರಳು, ಉಗುರಿನ ತುದಿಯಲ್ಲಿ ಎಬ್ಬಿಸಿ ತೆಗೆದು ಅಂಗೈ ಮೇಲಿಟ್ಟುಕೊಂಡ.

“ಇದನ್ನ ಯಾರು ತುರುಕಿದ್ರು ಅಕ್ಕಾ? ಶ್ರೀನು ಏನು? ನಿಮ್ಮ ಅಂಗಡ್ಯಾಗ ಬಂದು ನಿಮಗ ಗೊತ್ತಿಲ್ದಂಗ ತುರುಕಿದನಾ?”

ನನ್ನ ಕಣ್ಣನ್ನೇ ನೋಡುತ್ತಿದ್ದ. ಕಿವುಡರು ಬಾಯಿ ನೋಡುತ್ತಾರೆ ಎನ್ನುತ್ತಾರೆ, ಇವನು ನೋಡಲಿಲ್ಲ. ಹೌದು ಎನ್ನಲು ನಾನು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಅವನಾಗಿಯೇ ಕಥೆ ಕಟ್ಟಿ ನನ್ನ ಕೈಗೆ ಕೊಟ್ಟಿದ್ದ. ನಿಜವನ್ನಾದರೆ ಅವನಿಗೆ ಕೇಳುವಂತೆ ಒದರಿಯೇ ಹೇಳಬೇಕಿತ್ತು. ತಪ್ಪನ್ನು ಮೆತ್ತಗೆ, ತಲೆ ತಗ್ಗಿಸಿ ಹೇಳಿಕೊಳ್ಳುವ ಅನುಕೂಲ ನನಗಿರಲಿಲ್ಲ.

“ನಾನು!” ಎಂದೆ.

“ಆಂ?”

“ನಾನು ತುರುಕಿದ್ದು! ಡ್ರಮ್ಮಿನ ಮ್ಯಾಲೆ ಭಜನಿ ಹಾಕಿದಾಕಿ ನಾನು! ಶ್ರೀನುಗ ಇದರ ಗಂಧಾನೂ ಗೊತ್ತಿಲ್ಲ!”

ಎದುರು ಮನೆಯ ಶಾಂತವ್ವ ಬಾಗಿಲಿಗೆ ಬಂದಳು. “ಏನಾತ್ರೀ ನೀಲಕ್ಕಾ? ಯಾರು ಏನು ತುರುಕಿದ್ರು?”

“ನಿನಗಲ್ಲ, ಅವನಿಗೆ ಹೇಳಾಕತ್ತೀನಿ. ಒಳಗ ಹೋಗು!” ಎಂದು ಅವಳ ಮೇಲೂ ಒದರಿದೆ. ಅವಳು ಹೋಗಲಿಲ್ಲ. ನಾನಾಗಿದ್ದರೂ ಹೋಗುತ್ತಿರಲಿಲ್ಲ.

ಖಾದರನಿಗೆ ಈ ಸಲ ಕೇಳಿತ್ತು. ಕೂತ. ಆಮೇಲೆ ಕ್ಯಾಸೆಟ್ಟು ಮತ್ತೆ ಹಾಕಿ, ಹಿಂದಕ್ಕೆ ತಿರುಗಿಸಿ, ಆ ಹನ್ನೊಂದು ಸೆಕೆಂಡು ಕೇಳಿದ. ನಾಲ್ಕು ಸಲ ಕೇಳಿದ. ನಾನು ಕ್ಷಮಿಸು ಎನ್ನಬೇಕೆಂದಿದ್ದೆ. ಆ ಮಾತನ್ನು ಒದರಿ ಹೇಳಿದರೆ ಜಗಳ ಕಾಯ್ದ ಹಾಗೆ ಕೇಳುತ್ತದೆ ಎಂದು ಸುಮ್ಮನಾದೆ.

“ತನ್ನ ಮಗಳ ಮದಿವಿಗೆ ಶ್ರೀನು ತಾನs ಬಂದು ಕರದಿದ್ದ,” ಎಂದ ಕೊನೆಗೆ. ಈಗ ಅವನ ದನಿ ಸಣ್ಣದಾಗಿತ್ತು. “ಪತ್ರಿಕಾ ಇಸಗೊಂಡು ಅವನ ಮಾರಿ ಮ್ಯಾಲೆ ಬಾಗಲಾ ಹಾಕೀನಿ.”

ನಾನು ಒಳಗೆ ಹೋಗಿ ಚಹಾ ತಂದು ಅವನ ಮುಂದಿಟ್ಟೆ.

“ಯಾಕ ಹಾಕಿದ್ರಿ ಅಕ್ಕಾ ಅದರ ಮ್ಯಾಲೆ?”

“ಅದು ಹಾಡಂತ ನನಗ ತಿಳೀಲಿಲ್ಲ!”

ಇದಕ್ಕೆ ಅವನು ಸಿಟ್ಟಾಗಬಹುದು ಎಂದುಕೊಂಡೆ. ಆಗಲಿಲ್ಲ. “ಅಷ್ಟs ನೋಡ್ರಿ,” ಎಂದು ಎದ್ದ. “ನನಗ ಹೇಳಿದ್ರಿ, ಮುಗೀತು. ಹೆಸರು ಕೆಟ್ಟದ್ದು ಅವಂದು.” ಇಟ್ಟ ಚಹಾ ಮುಟ್ಟದೆ ಹೋದ. ಕ್ಯಾಸೆಟ್ಟು ಒಯ್ಯಲಿಲ್ಲ. ಟಿಕೀಟು ಒಯ್ದ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಮರಳಿಗೆ ಹೋದೆ. ಇಳಿದು ಕಾಲುವೆ ಏರಿಯ ಮೇಲೆ ನಡೆದು ಶ್ರೀನುವಿನ ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ಬೇಡ ಎನ್ನುತ್ತಿತ್ತು. ಅವನ ಹೆಂಡತಿ ತಂಬಿಗೆಯಲ್ಲಿ ನೀರು ತಂದಳು. “ನೀರು ಆಮ್ಯಾಲೆ, ಮೊದಲು ಗಂಡನ್ನ ಕರಿ,” ಎಂದೆ. ಗದ್ದೆಯಿಂದ ಬಂದ ಶ್ರೀನು ಕಾಲಿನ ಕೆಸರು ತೊಳೆಯುತ್ತಿರುವಾಗಲೇ ಎಲ್ಲ ಹೇಳಿದೆ. ಇವನಿಗೆ ಒದರಬೇಕಾಗಿರಲಿಲ್ಲ. ಮೆತ್ತಗೆ ಹೇಳುವುದೇ ಕಷ್ಟವಾಯಿತು.

ಅವನು ಎರಡನೇ ಕಾಲು ತೊಳೆಯುವುದನ್ನು ಮರೆತ.

“ನಮ್ಮ ಹುಡುಗಿ ಮದುವಿಗೆ ನೀವು ಬಂದಿದ್ರಿ ಅಕ್ಕಯ್ಯಾ,” ಎಂದ. “ಅವನು ಯಾಕ ಬರಲಿಲ್ಲಂತ ನಿಮ್ಮ ಮುಂದ ಕುಂತು ಕಣ್ಣಾಗ ನೀರು ಹಾಕೀನಿ. ಆಗ ನೀವು ಹೋಳಿಗಿ ಎರಡು ಸಲ ಹಾಕಿಸ್ಕೊಂಡ್ರಿ.”

“ಮೂರು ಸಲ,” ಎಂದೆ. “ನನ್ನ ಆಮ್ಯಾಲೆ ಬೈಯಿ. ಅವನಿಗೆ ಕಿವಿ ಇನ್ನ ಭಾಳ ದಿನ ಇಲ್ಲ. ಅದು ಇರೋತನಕ ಹೋಗಿ ಮಾತಾಡಸು. ಅಂಗಿ ಹಾಕ್ಕೊ, ನಡಿ.”

ಅಂಗಿ ಹಾಕಿಕೊಂಡ, ಗುಂಡಿ ತಪ್ಪು ತಪ್ಪು ಹಾಕಿಕೊಂಡ. ಬಸ್ಸಿನಲ್ಲಿ ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದ. ಖಾದರನ ಓಣಿಯಲ್ಲಿ ಅವನ ಹೆಜ್ಜೆ ತಡವಾದವು. ನಾನು ಮುಂದೆ ಹೋಗಿ ಬಾಗಿಲು ಬಡಿದೆ. ಒಳಗಿದ್ದವನಿಗೆ ಅದು ಕೇಳುವುದಿಲ್ಲ ಎಂದು ಹೊಳೆದು, ಬಾಗಿಲು ತಳ್ಳಿ, ಶ್ರೀನುವಿನ ಬೆನ್ನಿಗೆ ಕೈ ಹಚ್ಚಿ ಒಳಗೆ ನೂಕಿ, ಬಾಗಿಲು ಮುಂದಕ್ಕೆ ಎಳೆದುಕೊಂಡೆ.

ಹೋಗೋಣ ಎಂದು ತಿರುಗಿದೆ. ಆಗ ಶ್ರೀನು ಕಿವುಡನಿಗೆ ಕೇಳುವಷ್ಟು ಗಟ್ಟಿಯಾಗಿ ಒದರಲು ಶುರುಮಾಡಿದ. ಬೈಗುಳ. ಖಾದರನನ್ನಲ್ಲ, ನನ್ನನ್ನು. ಖಾದರ್ ಅದಕ್ಕಿಂತ ಗಟ್ಟಿಯಾಗಿ ಇನ್ನೊಂದು ಬೈಗುಳ ಸೇರಿಸಿದ. ಮತ್ತೆ ಇವನು, ಮತ್ತೆ ಅವನು. ಓಣಿಯ ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದು, ಬೈಸಿಕೊಳ್ಳುವವರು ಯಾರೆಂದು ನನ್ನನ್ನೇ ಕೇಳಿದರು. ನಾನೇ ಎಂದು ಹೇಳಿ, ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡೆ.